ಇಂಗಲ್ಸ್ ಕುಟುಂಬ ತನ್ನ ಕಾಲ ಮೇಲೆ ತಾನೇ ನಿಂತಿತ್ತೇ?

ವಿಸ್ಕಾನ್ಸಿನ್, ಮಿನ್ನೆಸೋಟ, ಅಯೋವ, ಕನ್ಸಾಸ್, ಡಕೋಟ ಮೊದಲಾದ ಪ್ರದೇಶಗಳು ಸೇರಿದ ಅಮೆರಿಕದ ಮಧ್ಯಪಶ್ಚಿಮದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಸದಾಗಿ ನೆಲೆಯೂರಿದ ಒಕ್ಕಲು ಕುಟುಂಬಗಳ ಪೈಕಿ ಚಾರ್ಲ್ಸ್ ಇಂಗಲ್ಸ್ (1836–1902) ಮತ್ತು ಕ್ಯಾರೊಲೈನ್ (1839–1924) ದಂಪತಿಯ ಕುಟುಂಬದಷ್ಟು ಹೆಸರಾದದ್ದು ಇನ್ನೊಂದಿಲ್ಲ. ಅವರ ಎರಡನೆಯ ಮಗಳು ಲಾರಾ ಇಂಗಲ್ಸ್ ವೈಲ್ಡರ್ 1932ರಿಂದ ಪ್ರಕಟಿಸಿದ 'ಲಿಟಲ್ ಹೌಸ್' ಕಾದಂಬರಿಗಳು ಆ ಕುಟುಂಬವನ್ನು ಸ್ವಾವಲಂಬನೆಯ ಪ್ರತಿಮೆಯಾಗಿಸಿದವು. ಯಾರ ಹಂಗೂ ಇಲ್ಲದೆ, ಸರ್ಕಾರದ ಮುಂದೆ ಕೈಯೊಡ್ಡದೆ, ದುಡಿಮೆಯೊಂದನ್ನೇ ನಂಬಿ ಬದುಕಿದವರು ಎಂಬ ಈ ಚಿತ್ರ ದಾಖಲೆಗಳ ಮುಂದೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ.

ಪರ

ನಿಂತಿತ್ತು ಎನ್ನುವವರ ಮುಖ್ಯ ಆಧಾರ ಆ ಮನೆಯೊಳಗಿನ ದುಡಿಮೆ. ಹುಲ್ಲುಗಾವಲಿನ ನೆಲ ನೋಡಲು ಸಮತಟ್ಟಾಗಿದ್ದರೂ ಅದರ ಮೇಲ್ಪದರದಲ್ಲಿ ಶತಮಾನಗಳ ಹುಲ್ಲಿನ ಬೇರು ಚಾಪೆಯಂತೆ ಹೆಣೆದುಕೊಂಡಿರುತ್ತಿದ್ದುದರಿಂದ, ಆ ಪದರವನ್ನು ಸೀಳಿ ಮಗುಚುವುದಕ್ಕೇ ಬಲವಾದ ನೇಗಿಲೂ ಜಾನುವಾರುಗಳ ಕಸುವೂ ಬೇಕಾಗುತ್ತಿದ್ದವು. ಮೊದಲ ವರ್ಷ ಕೈಗೆ ಹತ್ತುತ್ತಿದ್ದ ಬೆಳೆಯೂ ಅಷ್ಟಕ್ಕಷ್ಟೇ. ಮಿನ್ನೆಸೋಟದ ವಾಲ್ನಟ್ ಗ್ರೋವ್ ಊರಿನ ಬಳಿ 1874ರಲ್ಲಿ ಕುಟುಂಬ ವಾಸಿಸಿದ್ದು 'ಡಗ್‌ಔಟ್'ನಲ್ಲಿ, ಅಂದರೆ ಹೊಳೆದಂಡೆಯ ದಿಬ್ಬವನ್ನು ಕೊರೆದು ಮುಂಭಾಗಕ್ಕೆ ಗೋಡೆ ಕಟ್ಟಿ ಮಾಡಿಕೊಂಡ ಮನೆಯಲ್ಲಿ. 1880–81ರ ಚಳಿಗಾಲದಲ್ಲಿ ಡಕೋಟದ ಡಿ ಸ್ಮೆಟ್ ಊರಿಗೆ ಹಿಮಪಾತದಿಂದ ತಿಂಗಳುಗಟ್ಟಲೆ ರೈಲು ಬರದೆ ಸೌದೆ, ಕಲ್ಲಿದ್ದಲು, ಹಿಟ್ಟು ಎಲ್ಲವೂ ತೀರಿಹೋದಾಗ, ಒಣಹುಲ್ಲನ್ನು ಹುರಿಗಟ್ಟಿ ಉರಿಸಿ, ಕಾಫಿಬೀಜ ಪುಡಿಮಾಡುವ ಗಿರಣಿಯಲ್ಲಿ ಗೋಧಿ ಬೀಸಿ ಈ ಕುಟುಂಬ ಜೀವ ಹಿಡಿದುಕೊಂಡಿತು. ಆ ಗಿರಣಿಯ ಹಿಡಿಯನ್ನು ದಿನವಿಡೀ ತಿರುಗಿಸಿದ ಕೈಗಳಲ್ಲಿ ತಾಯಿ ಮತ್ತು ಹೆಣ್ಣುಮಕ್ಕಳ ಕೈಗಳೂ ಇದ್ದವು ಎಂಬುದನ್ನು ಮರೆಯಬಾರದು. ಚಾರ್ಲ್ಸ್‌ನ ಸಾಹಸವೆಂದು ಹೇಳಲಾಗುವ ಬಹುಪಾಲು ಕ್ಯಾರೊಲೈನಳ ಗೃಹಕೃತ್ಯದ ಮೇಲೆ ನಿಂತದ್ದು.

ಬೆಳೆ ಕೈಕೊಟ್ಟಾಗ ಚಾರ್ಲ್ಸ್ ಬಡಗಿಯಾಗಿ, ಸುಗ್ಗಿಯ ಕೂಲಿಯಾಗಿ, ರೈಲ್ವೆ ಕಾಮಗಾರಿಯಲ್ಲಿ ಲೆಕ್ಕ ಬರೆಯುವವನಾಗಿ ದುಡಿದನು. ಲಾರಾ ಇನ್ನೂ ಹದಿನೇಳು ತುಂಬುವ ಮೊದಲೇ, ಮನೆಯಿಂದ ದೂರದ ಶಾಲೆಯಲ್ಲಿ ಪಾಠ ಹೇಳಲು ಹೋದಳು.

ವಿರೋಧ

ಈ ದುಡಿಮೆಯನ್ನು ವಿರೋಧಪಕ್ಷ ಅಲ್ಲಗಳೆಯುವುದಿಲ್ಲ. ಅದು ಕೇಳುವುದು ಈ ದುಡಿಮೆ ನಡೆದದ್ದು ಯಾರ ನೆಲದ ಮೇಲೆ ಎಂದು. 1869ರಲ್ಲಿ ಕುಟುಂಬ ಕನ್ಸಾಸ್‌ನ ಇಂಡಿಪೆಂಡೆನ್ಸ್ ಪಟ್ಟಣದ ಸಮೀಪ ಮರದ ದಿಮ್ಮಿಗಳ ಮನೆ ಕಟ್ಟಿದ ಜಾಗ ಓಸೇಜ್ ಎಂಬ ಮೂಲನಿವಾಸಿ ಜನಾಂಗಕ್ಕೆ ಒಪ್ಪಂದದ ಪ್ರಕಾರ ಮೀಸಲಾಗಿದ್ದ ಪ್ರದೇಶವಾಗಿತ್ತು. ಇಂಥ ಅತಿಕ್ರಮಣಕ್ಕೆ ಕನ್ನಡದ ಓದುಗರು ಬಗರ್ ಹುಕುಂ ಎಂಬ ಮಾತನ್ನು ನೆನೆಯಬಹುದಾದರೂ, ಇಲ್ಲಿ ಒತ್ತುವರಿಯಾದದ್ದು ಸರ್ಕಾರದ ಪಾಳುಭೂಮಿಯಲ್ಲ, ಇನ್ನೊಂದು ಜನಾಂಗದ ಬೇಟೆಯ ನೆಲ, ಹೊಲ, ಸಮಾಧಿಸ್ಥಳ. ಅಲ್ಲಿಗೆ ಬಂದವರು ಇಂಗಲ್ಸ್ ಕುಟುಂಬವೊಂದೇ ಆಗಿದ್ದರೆ ಓಸೇಜರು ಕದಲಬೇಕಾಗಿರಲಿಲ್ಲ. ಸಾವಿರಾರು ಕುಟುಂಬಗಳು ನುಗ್ಗಿ, 1870ರ ಜುಲೈನಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ಆ ಜನಾಂಗವನ್ನು ಇಂದಿನ ಒಕ್ಲಹೋಮಕ್ಕೆ ಸಾಗಹಾಕಿತು. ಕುಟುಂಬದ ಮೂರನೆಯ ಮಗಳು ಕ್ಯಾರಿ ಹುಟ್ಟಿದ್ದು ಅದರ ಮರುತಿಂಗಳು, ಅದೇ ನೆಲದಲ್ಲಿ. ಅಲ್ಲಿ ಮನೆಮಂದಿಯೆಲ್ಲ ಮಲೇರಿಯಾದಿಂದ ಮಲಗಿದಾಗ ಉಪಚರಿಸಿದವರು ಜಾರ್ಜ್ ಟಾನ್ ಎಂಬ ಕರಿಯ ವೈದ್ಯರು. ಹಂಗಿಲ್ಲದ ಬದುಕು ಎಂಬ ಮಾತು ಅಷ್ಟರಲ್ಲೇ ಸಡಿಲಗೊಳ್ಳುತ್ತದೆ.

ಎರಡನೆಯ ಆಕ್ಷೇಪ ಸರ್ಕಾರದ ಪಾತ್ರವನ್ನು ಕುರಿತದ್ದು. ಅಬ್ರಹಾಂ ಲಿಂಕನ್ 1862ರ ಮೇ 20ರಂದು ಸಹಿಹಾಕಿದ ಹೋಮ್‌ಸ್ಟೆಡ್ ಕಾಯಿದೆಯು, ಅಲ್ಪ ಶುಲ್ಕ ಕಟ್ಟಿ, ಐದು ವರ್ಷ ವಾಸವಿದ್ದು ಸಾಗುವಳಿ ಮಾಡಿದವರಿಗೆ 160 ಎಕರೆ ಭೂಮಿಯ ಒಡೆತನ ಕೊಡುತ್ತಿತ್ತು. ಚಾರ್ಲ್ಸ್ 1880ರಲ್ಲಿ ಡಿ ಸ್ಮೆಟ್ ಬಳಿ ಅರ್ಜಿ ಹಾಕಿ, 1886ರಲ್ಲಿ ಷರತ್ತು ಪೂರೈಸಿದ್ದು ಈ ಕಾಯಿದೆಯಡಿಯಲ್ಲೇ. ಇದಕ್ಕಿಂತ ಮನಕಲಕುವ ದಾಖಲೆ 1875ರದು. ಮಿನ್ನೆಸೋಟದಲ್ಲಿ 1873ರಿಂದ 1877ರವರೆಗೆ ಮಿಡತೆಯ ಹಿಂಡುಗಳು ಪೈರನ್ನು ಬುಡಮಟ್ಟ ತಿಂದುಹಾಕಿದವು. ಆ ಹಾವಳಿಯ ನಡುವೆ ಚಾರ್ಲ್ಸ್, ತನ್ನ ಬಳಿ ಏನೂ ಇಲ್ಲವೆಂದು ಅಧಿಕಾರಿಯ ಮುಂದೆ ಬರೆದುಕೊಟ್ಟು ಪರಿಹಾರದ ಹಿಟ್ಟು ಪಡೆದನು. ಅದಾದ ಮರುವರ್ಷ ಒಂಬತ್ತು ತಿಂಗಳ ಗಂಡುಮಗು ಫ್ರೆಡ್ಡಿ ತೀರಿಕೊಂಡಿತು. ಅಯೋವದ ಬರ್ ಓಕ್‌ನಲ್ಲಿ ಹೋಟೆಲ್ ಕೆಲಸಕ್ಕೆ ನಿಂತ ಕುಟುಂಬ, ಬಾಡಿಗೆಯ ಬಾಕಿ ತೀರಿಸಲಾಗದೆ ರಾತ್ರೋರಾತ್ರಿ ಊರು ಬಿಟ್ಟಿತು.

ಲಾರಾ ತನ್ನ ಕಾದಂಬರಿಗಳಲ್ಲಿ ಬರ್ ಓಕ್ ಅನ್ನೂ ಸತ್ತ ತಮ್ಮನನ್ನೂ ಕೈಬಿಟ್ಟಳು. ಆ ಪುಸ್ತಕಗಳನ್ನು ತಿದ್ದಿ ರೂಪಿಸುವುದರಲ್ಲಿ ದೊಡ್ಡ ಪಾಲು ಹೊಂದಿದ್ದ ಮಗಳು ರೋಸ್ ವೈಲ್ಡರ್ ಲೇನ್, ಬಡವರಿಗೆ ಸರ್ಕಾರ ನೆರವಾಗುವ ರೂಸ್‌ವೆಲ್ಟರ 'ನ್ಯೂ ಡೀಲ್' ಯೋಜನೆಗಳ ಕಟು ವಿರೋಧಿಯಾಗಿದ್ದಳು. ನೋವಿನ ವರ್ಷಗಳನ್ನು ಮಕ್ಕಳಿಗೆ ಹೇಳಲಾಗದೆ ಬಿಟ್ಟಿರಬಹುದೆಂಬ ಸಮಾಧಾನ ನ್ಯಾಯವಾದದ್ದೇ. ಆದರೆ ಹಾಗೆ ಬಿಟ್ಟದ್ದರಿಂದ ಆ ತಂದೆಯ ಘನತೆಗೇ ಅನ್ಯಾಯವಾಯಿತೆಂದು ಹೇಳಬೇಕಾಗುತ್ತದೆ. ಮಕ್ಕಳ ಹಸಿವಿನ ಮುಂದೆ ತನ್ನ ಅಭಿಮಾನವನ್ನು ಬದಿಗಿಟ್ಟು ಸಹಿಹಾಕಿದವನು ಒಣಹುಲ್ಲು ಹುರಿಗಟ್ಟಿದವನಿಗಿಂತ ಕಡಿಮೆ ಧೀರನಲ್ಲ.

ಪರದ ಮರುಮಾತು

ಭೂಮಿ ಕೊಟ್ಟ ಮಾತ್ರಕ್ಕೆ ಬದುಕು ಕೊಟ್ಟಂತಾಗಲಿಲ್ಲ ಎಂಬುದು ಪರಪಕ್ಷದ ಉತ್ತರ, ಅದರಲ್ಲಿ ಹುರುಳಿದೆ. ಮಳೆ ನಂಬಲಾಗದ ಡಕೋಟದಲ್ಲಿ 160 ಎಕರೆಯೂ ಒಂದು ಕುಟುಂಬವನ್ನು ಸಾಕಲಿಲ್ಲ; ಷರತ್ತು ಪೂರೈಸಿದ ಮರುವರ್ಷವೇ, 1887ರಲ್ಲಿ, ಚಾರ್ಲ್ಸ್ ಡಿ ಸ್ಮೆಟ್ ಪಟ್ಟಣದಲ್ಲಿ ಮನೆ ಕಟ್ಟಿಸಿ ಅಲ್ಲಿಯೇ ನೆಲೆನಿಂತನು. ಆದರೂ ಓಸೇಜರ ಪ್ರಶ್ನೆಗೆ ಈ ಉತ್ತರ ತಲುಪುವುದಿಲ್ಲ, ಏಕೆಂದರೆ ಬೆವರು ಎಷ್ಟು ಹರಿದರೂ ಅದು ಇನ್ನೊಬ್ಬರ ನೆಲದ ಹಕ್ಕುಪತ್ರವಾಗಲಾರದು.

ಎರಡೂ ಪಕ್ಷಗಳು ತಮ್ಮದೆಂದು ಹೇಳಿಕೊಳ್ಳಬಹುದಾದ ಒಂದು ಸಂಗತಿ ಹಿರಿಯ ಮಗಳು ಮೇರಿಯದು. 1879ರಲ್ಲಿ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡ ಆಕೆ 1881ರಲ್ಲಿ ಅಯೋವದ ವಿಂಟನ್‌ನಲ್ಲಿದ್ದ ಅಂಧರ ಶಾಲೆಗೆ ಸೇರಿ 1889ರಲ್ಲಿ ಪದವಿ ಪಡೆದಳು. ಅಂಥ ಶಾಲೆ ಡಕೋಟದಲ್ಲಿ ಇಲ್ಲದ್ದರಿಂದ ಬೋಧನೆಯ ವೆಚ್ಚವನ್ನು ಅಲ್ಲಿನ ಪ್ರಾಂತ್ಯ ಸರ್ಕಾರ ಭರಿಸಿತು; ಬಟ್ಟೆಬರೆಗೂ ಪ್ರಯಾಣಕ್ಕೂ ಬೇಕಾದ ಹಣವನ್ನು ಮನೆಯವರು ಹೊಂದಿಸಿದರು, ಅದರಲ್ಲಿ ಲಾರಾಳ ಸಂಬಳವೂ ಸೇರಿತ್ತು.