ಅವ್ವ ಹಂಚಿದ ಸಕ್ಕರಿ

ನನ್ನ ಬಿ.ಎ. ರಿಜಲ್ಟು ಬಂದ ದಿನ ನಮ್ಮವ್ವ ತಂಬೂರಿನ ನಮ್ಮ ಕೇರಿಯಲ್ಲಿ ಮನಿಮನಿಗೆ ಸಕ್ಕರಿ ಹಂಚಿದಳು. ಅಂಗಡಿಯಿಂದ ಉದ್ರಿ ತಂದ ಸಕ್ಕರಿ. ನಾನು ಅಡ್ಡ ನಿಂತೆ. "ಯವ್ವಾ, ಬಂದದ್ದು ಸೆಕೆಂಡ್ ಕ್ಲಾಸು. ನೌಕರಿ ಇಲ್ಲ, ಹೊಲ ಇಲ್ಲ. ಇದಕ್ಯಾಕ ಸಕ್ಕರಿ? ಮಂದಿ ನಗತಾರ" ಅಂದೆ. ಅವ್ವ ನನ್ನ ಮಾರಿ ನೋಡಿ, "ನೀ ಸುಮ್ಮನಿರಪಾ. ಇದು ನಿಂದೊಬ್ಬಂದಲ್ಲ" ಅಂದು ಮುಂದಿನ ಮನಿಗೆ ಹೋದಳು.

ಆ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಈಗ ನಾಚಿಕೆ ಆಗುತ್ತದೆ. ಯಾಕೆ ಅಂತ ಹೇಳಲಿಕ್ಕೇ ಈ ಬರಹ.

ನಮ್ಮ ಹಾಸ್ಟೆಲಿನ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇರುತ್ತದೆ. ನೀಲಿ ಸೂಟು, ಕೈಯಲ್ಲಿ ಪುಸ್ತಕ. ಅದರ ಕೆಳಗೆ ಕೂತು ನಾವು ನಮ್ಮನ್ನು ಅಳೆದುಕೊಳ್ಳುತ್ತೇವೆ. ಅವರದು ಕೊಲಂಬಿಯಾ, ಲಂಡನ್, ಬ್ಯಾರಿಸ್ಟರಿ. ನಮ್ಮದು ಎರಡನೇ ಸಲಕ್ಕೆ ಪಾಸು. ಅಲ್ಲಿಂದ ಎದ್ದು ಸಭೆಗೆ ಹೋದರೆ ಒಬ್ಬ ಅಣ್ಣ ಮೈಕು ಹಿಡಿದು, "ಒಬ್ಬಂವ ಪಾಸಾದರ ಜಾತಿ ಸಾಯತೈತೇನು? ನೀ ಬಿ.ಎ. ಮಾಡಿದ್ರ ನಿಮ್ಮಪ್ಪನ ಕೂಲಿ ಹೆಚ್ಚಾತೇನು?" ಅಂತ ಕೇಳುತ್ತಾನೆ. ಚಪ್ಪಾಳೆ ಬೀಳುತ್ತದೆ. ನಾನೂ ಹೊಡೆದಿದ್ದೇನೆ. ಫೋಟೋದ ಮುಂದೆ ನಮ್ಮ ಹೆಜ್ಜೆ ಸಣ್ಣದು. ಕ್ರಾಂತಿಯ ಮುಂದೆ ನಮ್ಮ ಹೆಜ್ಜೆ ಸ್ವಾರ್ಥ. ಎರಡೂ ಕಡೆ ಲೆಕ್ಕ ಸೊನ್ನೆ.

ಈ ಸೊನ್ನೆ ಲೆಕ್ಕ ಏನು ಮಾಡುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ರೂಮಿನ ಹುಡುಗ ಪಿ.ಯು.ಸಿ.ಯಲ್ಲಿ ಇಂಗ್ಲಿಷಿಗೆ ಹೋದ. ಉಳಿದ ಐದರಲ್ಲಿ ಪಾಸು. ಅವರ ಮನೆತನದಲ್ಲಿ ಅಲ್ಲಿಯ ತನಕ ಯಾರೂ ಏಳನೇ ಇಯತ್ತೆ ದಾಟಿರಲಿಲ್ಲ. ಅವನು ಹಾಸಿಗಿ ಸುತ್ತಿ, ಟ್ರಂಕು ಹೊತ್ತು, ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗಿಬಿಟ್ಟ. "ನನ್ನ ಕೈಲೆ ಏನೂ ಆಗಲಿಲ್ಲ" ಅಂದು ಹೋದ. ಐದು ವಿಷಯ ಅವನ ಕೈಲೇ ಆಗಿದ್ದವು. ಅದನ್ನು ಅವನು ಎಣಿಸಲಿಲ್ಲ. ಹಾಸ್ಟೆಲಿನಲ್ಲಿ ಯಾರೂ ಎಣಿಸಲಿಲ್ಲ. ದಿನಾ ಬಾಜೂ ಮಲಗುತ್ತಿದ್ದ ನಾನೂ ಎಣಿಸಲಿಲ್ಲ.

ಆಮೇಲೆ ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥಕ್ಕೆ ಅವರೇ 1956ರಲ್ಲಿ ಬರೆದ ಮುನ್ನುಡಿಯ ವಿಷಯ ಓದಿದೆ. ಅದರಲ್ಲಿ ಅವರು ತಮ್ಮ ಬಾಲ್ಯದ ಒಂದು ಸಂಗತಿ ಹೇಳಿಕೊಂಡಿದ್ದಾರೆ. ಭೀಮರಾಯ ಇಂಗ್ಲಿಷ್ ನಾಲ್ಕನೇ ಇಯತ್ತೆ ಪಾಸಾದ. ಆ ಜನದಲ್ಲಿ ಅಷ್ಟು ದೂರ ಬಂದ ಮೊದಲ ಹುಡುಗ. ಕೇರಿಯ ಮಂದಿಗೆ ಸಭೆ ಮಾಡಿ ಸನ್ಮಾನ ಮಾಡುವ ಆಸೆ. ಬೇರೆ ಜಾತಿಗಳ ಓದಿನ ಮುಂದೆ ಇದು ಹಬ್ಬ ಮಾಡುವಂಥ ಸಂಗತಿಯೇ ಆಗಿರಲಿಲ್ಲ ಅಂತ ಬಾಬಾಸಾಹೇಬರೇ ಒಪ್ಪುತ್ತಾರೆ. ತಂದೆ ರಾಮಜಿ ಸುಬೇದಾರರು ಖಂಡಿತ ಬೇಡ ಅಂದರು. ಒಂದು ಪರೀಕ್ಷೆ ಪಾಸಾದದ್ದಕ್ಕೆ ಸಭೆ ಮಾಡಿದರೆ ಹುಡುಗನ ತಲೆ ತಿರುಗುತ್ತದೆ ಅನ್ನುವುದು ಅವರ ಅಂಜಿಕೆ. ಮಂದಿ ಬಿಡಲಿಲ್ಲ. ಅವರ ಸ್ನೇಹಿತರಾದ ದಾದಾ ಕೇಳುಸ್ಕರ್ ಅವರನ್ನು ನಡುವೆ ಹಾಕಿದರು. ತಂದೆ ಕಡೆಗೆ ಒಪ್ಪಿದರು. ಸಭೆ ಆಯಿತು. ಅಧ್ಯಕ್ಷರಾಗಿದ್ದ ಕೇಳುಸ್ಕರ್ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿಟ್ಟರು.

ಗೆಳೆಯರೇ, ಆ ಪುಸ್ತಕ ಎಲ್ಲಿಗೆ ಮುಟ್ಟಿತು ನೋಡಿರಿ. ಅದನ್ನು ಓದಿ ಹುಡುಗನ ಮನಸ್ಸು ಕಲಕಿತು. ಬುದ್ಧನ ಕಡೆ ತಿರುಗಿದ್ದು ಅಲ್ಲಿಂದ ಅಂತ ಬಾಬಾಸಾಹೇಬರೇ ಬರೆದಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಮಂದಿ ಅವರ ಜೋಡಿ ಬೌದ್ಧರಾದರು. ಕೇರಿಯ ಮಂದಿ ಹಟ ಹಿಡಿದು ಮಾಡಿದ ಒಂದು ಸಣ್ಣ ಸಭೆಯಿಂದ ದೀಕ್ಷಾಭೂಮಿಯ ತನಕ ಒಂದು ದಾರಿ ಇದೆ. "ನಾಲ್ಕನೇ ಇಯತ್ತೆಗೆ ಯಾಕ ಸಭಾ?" ಅಂತ ಅವತ್ತು ಎಲ್ಲರೂ ಸುಮ್ಮನಾಗಿದ್ದರೆ ಆ ಪುಸ್ತಕ ಆ ಕೈಗೆ ಅವತ್ತು ಬರುತ್ತಿರಲಿಲ್ಲ.

ಅವರ ಓದೂ ಒಂದೇ ಓಟಕ್ಕೆ ಮುಗಿದದ್ದಲ್ಲ. 1913ರಲ್ಲಿ ಅಮೆರಿಕಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ. 1917ರಲ್ಲಿ ಬರೋಡದ ಸ್ಕಾಲರ್‌ಶಿಪ್ ಮುಗಿದು ಲಂಡನ್ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಬರೋಡದಲ್ಲಿ ನೌಕರಿಗೆ ನಿಂತರೆ ಇರಲಿಕ್ಕೆ ಒಂದು ಮನೆ ಸಿಗಲಿಲ್ಲ. 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ 1923ರಲ್ಲಿ ಡಿ.ಎಸ್ಸಿ. ಪದವಿ ತಗೊಂಡರು. ನಮ್ಮ ಗೋಡೆಯ ಫೋಟೋದಲ್ಲಿ ಈ ಅರ್ಧಕ್ಕೆ ನಿಂತ ವರ್ಷಗಳು ಕಾಣುವುದಿಲ್ಲ. ಗೋವಾಕ್ಕೆ ಹೋದ ನನ್ನ ಗೆಳೆಯನಿಗೆ ಈ ಮೂರು ವರ್ಷದ ಕತೆ ಯಾರಾದರೂ ಹೇಳಬೇಕಿತ್ತು.

ಹೋರಾಟಕ್ಕೂ ಇದೇ ಮಾತು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ಮೇಲ್ಜಾತಿಯವರು ಹೊಡೆದರು, ಕೆರೆಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿಕೊಂಡರು. ಡಿಸೆಂಬರಿನಲ್ಲಿ ಮತ್ತೆ ಸೇರಿದಾಗ ಕೋರ್ಟಿನ ತಡೆ ಇತ್ತು. ಕೆರೆಗೆ ಇಳಿಯಲಿಲ್ಲ, ಮನುಸ್ಮೃತಿಗೆ ಬೆಂಕಿ ಇಟ್ಟರು. ಮುಂಬಯಿ ಹೈಕೋರ್ಟಿನ ತೀರ್ಪು ನಮ್ಮ ಕಡೆ ಆದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ! ಮೊದಲ ಬೊಗಸೆಯನ್ನು ಗೆಲುವು ಅಂತ ಎಣಿಸದಿದ್ದರೆ ಯಾರು ಹತ್ತು ವರ್ಷ ಕಾಯುತ್ತಿದ್ದರು?

ಈ ಎಣಿಕೆ ನಮ್ಮ ಧಾರವಾಡಕ್ಕೂ ಬರುತ್ತದೆ. 1928ರಲ್ಲಿ ಬಾಬಾಸಾಹೇಬರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಹೈಸ್ಕೂಲು ಓದುವ ನಮ್ಮ ಹುಡುಗರಿಗೆ ಅದು ನಡೆಸಿದ ವಸತಿ ನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಜಾತಿ ವಿನಾಶದಂಥ ದೊಡ್ಡ ಕನಸು ಕಂಡ ಮನುಷ್ಯ, ಹುಡುಗರಿಗೆ ಮಲಗಲಿಕ್ಕೆ ಜಾಗ ಮತ್ತು ಎರಡು ಹೊತ್ತಿನ ಊಟದ ಲೆಕ್ಕಕ್ಕೂ ಕೂತ. ಇದು ಸಣ್ಣ ಕೆಲಸ ಅಂತ ಬಿಡಲಿಲ್ಲ. ಇವತ್ತು ನಾವು ತಾಟು ಹಿಡಿದು ನಿಲ್ಲುವ ಪಾಳಿ ಅಲ್ಲಿಂದ ಬಂದದ್ದು.

ಈಗ ಮೈಕಿನ ಅಣ್ಣನ ಮಾತಿಗೆ ಬರುತ್ತೇನೆ. ಅವನ ಸಿಟ್ಟು ಸುಳ್ಳಲ್ಲ. ಕಲಿತು ನೌಕರಿ ಹಿಡಿದು, ಪ್ಯಾಟಿಯಲ್ಲಿ ಮನಿ ಕಟ್ಟಿ, ಅಡ್ಡಹೆಸರು ಬದಲಿಸಿ, ಕೇರಿಯ ದಾರಿ ಮರೆತವರು ನಮ್ಮಲ್ಲಿ ಇದ್ದಾರೆ. 1956ರ ಮಾರ್ಚಿನಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು ಇಂಥ ಕಲಿತವರನ್ನು ನೆನೆದೇ ನೊಂದು ಮಾತಾಡಿದರು. ಇನ್ನು ದಾರಿಯಂತೂ ಮುಗಿದಿಲ್ಲ. ಹಳೇ ಧಾರವಾಡ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈನಲ್ಲಿ ಭಂಗಿ ಬಂಧುಗಳು ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಮಲ ಹೊರುವ ಪದ್ಧತಿ ನಿಷೇಧಿಸಿದ ಕಾಯ್ದೆ 1993ರಲ್ಲೇ ಆಗಿತ್ತು. ಇದನ್ನು ಮರೆತು ಸಕ್ಕರಿ ತಿಂದರೆ ಅದು ಗಂಟಲಲ್ಲಿ ಇಳಿಯಬಾರದು.

ಆದರೆ ಅಣ್ಣಾ, ಕೇರಿ ಮರೆತವನ ತಪ್ಪಿಗೆ ಈಗಷ್ಟೇ ಹತ್ತನೇ ಇಯತ್ತೆ ಪಾಸಾದ ಹುಡುಗಿಯ ಖುಷಿ ಕಸಿಯಬ್ಯಾಡ. ಮೇಲ್ಜಾತಿಯ ಮನಿಯಲ್ಲಿ ಹುಡುಗ ಪಾಸಾದರೆ ಊರಿಗೆ ಪೇಢೆ ಹಂಚುತ್ತಾರೆ, ದೇಶ ಬದಲಾತೇನು ಅಂತ ಯಾರೂ ಕೇಳುವುದಿಲ್ಲ. ನಮ್ಮ ಹುಡುಗಿ ಪಾಸಾದರೆ "ಅವರಿಗೇನ, ಮೀಸಲಾತಿ ಐತಿ" ಅನ್ನುತ್ತಾರೆ. ಮೀಸಲಾತಿ ಸೀಟು ಕೊಡುತ್ತದೆ, ಪೇಪರು ಅವಳೇ ಬರೆಯಬೇಕು. ನೀರು ಹೊತ್ತು, ತಮ್ಮಂದಿರನ್ನು ಆಡಿಸಿ, ಕಳೆ ತೆಗೆಯಲಿಕ್ಕೆ ಹೋಗಿ ಬಂದು ಬರೆದಿರುತ್ತಾಳೆ. ಹೊರಗಿನವರು ಅದನ್ನು ಎಣಿಸುವುದಿಲ್ಲ. ನಾವೂ ಎಣಿಸದಿದ್ದರೆ ಅವರ ಕೆಲಸ ನಾವೇ ಮಾಡಿಕೊಟ್ಟ ಹಾಗೆ.

ಅದಕ್ಕೆ ಹಾಸ್ಟೆಲಿನ ಗೆಳೆಯರಿಗೆ ನನ್ನದೊಂದು ಸೂಚನೆ. ಪ್ರತಿ ಹಾಸ್ಟೆಲಿನಲ್ಲಿ ಒಂದು ನೋಟುಬುಕ್ಕು ಇಡೋಣ. ಮೊದಲ ಸಲ ಸಭೆಯಲ್ಲಿ ಎದ್ದು ಮಾತಾಡಿದವನು, ತಹಶೀಲ್ದಾರ ಕಚೇರಿಯಲ್ಲಿ ಅಂಜದೆ ಅರ್ಜಿ ಕೊಟ್ಟು ರಶೀದಿ ಇಸಗೊಂಡವಳು, ಹೋದ ವಿಷಯ ಮತ್ತೆ ಕಟ್ಟಿ ಪಾಸಾದವನು, ಎಲ್ಲರದ್ದೂ ಬರೆಯೋಣ. ಬಾಜೂಕ್ಕೆ ಇನ್ನೊಂದು ಸಾಲು ಖಾಲಿ ಇರಲಿ: ಇವರ ಹಿಂದೆ ಯಾರು ಹತ್ತಿದರು? ಆ ಸಾಲು ಖಾಲಿ ಉಳಿದರೆ ಮಾತ್ರ ಅಣ್ಣ ಬೈಯಲಿ, ನಾವು ಕೇಳೋಣ. ಪಾಸಾದವರಿಗೆ ಹಾರ ಬ್ಯಾಡ. ಕೇಳುಸ್ಕರ್ ಮಾಡಿದಂತೆ ಒಂದು ಪುಸ್ತಕ ಕೊಡೋಣ. ಅದು ಎಲ್ಲಿಗೆ ಮುಟ್ಟುತ್ತದೋ ನಮಗೆ ಗೊತ್ತಿಲ್ಲ.

ಪಾವಟಿಗಿ ಹತ್ತುವವನು ಮೇಲೆ ನೋಡಲೇಬೇಕು. ನಿಂತ ಪಾವಟಿಗಿ ಕಾಲಿಗೆ ತಿಳಿದಿರಬೇಕು. ಅದನ್ನು ನಮ್ಮವ್ವ ಓದದೆ ತಿಳಿದಿದ್ದಳು, ನಾನು ಬಿ.ಎ. ಮಾಡಿಯೂ ತಿಳಿದಿರಲಿಲ್ಲ. ಮೊನ್ನೆ ಊರಿಗೆ ಹೋದಾಗ ಕೇಳಿದೆ, "ಯವ್ವಾ, ಅವತ್ತು ಸಕ್ಕರಿ ಯಾರ ಹೆಸರಲೆ ಹಂಚಿದಿ?" ಅವ್ವ ಅಂದಳು, "ಸಾಲಿ ಬಾಗಲ ಹೊರಗ ಕುಂತು ಕಲತು, ನಡಬರಕ ಬಿಟ್ಟ ನಿಮ್ಮಪ್ಪನ ಹೆಸರಲೆ."

ಗೋವಾದ ಗೆಳೆಯನಿಗೆ ಕಾಗದ ಹಾಕಿದ್ದೇನೆ. ಇಂಗ್ಲಿಷ್ ಒಂದೇ ಉಳಿದಿದೆ, ಬಾ ಅಂದಿದ್ದೇನೆ.

ಜೈ ಭೀಮ್.