ನಿಂತುಹೋದ ನಕ್ಷೆ

ನಮ್ಮ ಕಾಲೇಜಿನಲ್ಲಿ ಇತ್ತೀಚೆಗೆ ಒಂದು ಹೊಸ ಹವ್ಯಾಸ ಹಬ್ಬಿದೆ. ತರಗತಿಗಳ ನಡುವಣ ಬಿಡುವಿನಲ್ಲಿ ಮೊಬೈಲಿನ ಮೇಲೆ ಬಾಗಿ, ಹಸಿರು ಕೆಂಪು ಕಡ್ಡಿಗಳು ಏರಿಳಿಯುವುದನ್ನು ನೋಡುವುದೇ ಆ ಹವ್ಯಾಸ. ಷೇರುಗಳ ದರವನ್ನು ತೋರಿಸುವ ಈ ನಕ್ಷೆಗಳನ್ನು ಓದಬಲ್ಲೆವೆಂಬ ಹೆಮ್ಮೆ ನಮ್ಮಲ್ಲಿ ಹಲವರಿಗಿದೆ. ಈ ಹೆಮ್ಮೆಯನ್ನು ಕುರಿತು ನನಗೆ ಎರಡು ಮಾತು ಹೇಳುವುದಿದೆ. ನಾನು ಅರ್ಥಶಾಸ್ತ್ರದ ಪಂಡಿತನಲ್ಲ. ತರಗತಿ ಮುಗಿದ ಮೇಲೆ ಚಾಮರಾಜಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕುಳಿತು, ಬಂದವರ ಕಂಪ್ಯೂಟರುಗಳನ್ನು ಸರಿಪಡಿಸಿ ಕಲಿತದ್ದಷ್ಟೇ ನನ್ನ ವಿದ್ಯೆ.

ಆ ಅಂಗಡಿಗೆ ನಿವೃತ್ತ ಉಪಾಧ್ಯಾಯರೊಬ್ಬರು ಬಸವನಗುಡಿಯಿಂದ ಆಗಾಗ ಬರುವರು. ಒಂದು ದಿನ ತಮ್ಮ ಹಳೆಯ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, "ಏನಪ್ಪಾ, ನಕ್ಷೆ ಬರುವುದೇ ಇಲ್ಲ, ಬರೀ ಬಿಳಿ ಹಾಳೆ" ಎಂದರು. ನೋಡಿದರೆ ಕಂಪ್ಯೂಟರಿನ ಗಡಿಯಾರ ಹತ್ತಾರು ವರ್ಷ ಹಿಂದಕ್ಕೆ ಹೋಗಿದ್ದಿತು. ಒಳಗಿನ ನಾಣ್ಯದಂತಹ ಪುಟ್ಟ ಬ್ಯಾಟರಿ ಸತ್ತಿದ್ದುದರಿಂದ ಹಾಗಾಗಿತ್ತು. ತಾರೀಖು ತಪ್ಪಿದರೆ ಭದ್ರವಾದ ಯಾವ ಪುಟವನ್ನೂ ಬ್ರೌಸರು ನಂಬುವುದಿಲ್ಲ. ಅದನ್ನು ಸರಿಪಡಿಸಿದರೂ ಅರ್ಧ ಕೆಲಸವೇ ಆಯಿತು. ಅವರದು ವಿಂಡೋಸ್ 7. 2023ರ ಫೆಬ್ರವರಿಯಿಂದ ಅದಕ್ಕೆ ಹೊಸ ಕ್ರೋಮ್ ಬರುವುದು ನಿಂತಿದೆ. ಹಳೆಯ ಬ್ರೌಸರಿನಲ್ಲಿ ಹೊಸ ನಕ್ಷೆ ಸರಿಯಾಗಿ ಮೂಡೀತೆಂಬ ಭರವಸೆಯಿಲ್ಲ.

ಇಂತಹ ಸಂದರ್ಭದಲ್ಲಿ ನಮ್ಮವರು ಮಾಡುವ ಮೊದಲ ಕೆಲಸವೆಂದರೆ ಕೂಡಿಟ್ಟದ್ದನ್ನೆಲ್ಲ ಅಳಿಸಿಹಾಕುವುದು. ಕುಕ್ಕಿ ಹೋಯಿತು, ಅದರೊಡನೆ ಎಲ್ಲ ಕಡೆಯ ಲಾಗಿನ್ನೂ ಹೋಯಿತು, ಎಷ್ಟೋ ಸಲ ನಕ್ಷೆಯ ಮೇಲೆ ತಾವೇ ಎಳೆದುಕೊಂಡಿದ್ದ ಗೆರೆಗಳೂ ಹೋದವು. ರೋಗ ಮಾತ್ರ ಉಳಿಯಿತು. ನಾನು ಹಾಗೆ ಮಾಡುವುದಿಲ್ಲ. ಮೊದಲು ಖಾಸಗಿ ಕಿಟಕಿಯಲ್ಲಿ ಅದೇ ಪುಟವನ್ನು ತೆರೆಯುವೆನು. ಅಲ್ಲಿ ಬಂದರೆ ದೋಷವು ಕೂಡಿಟ್ಟ ಕಡತದಲ್ಲಿದೆ, ಇಲ್ಲವೆ ಜಾಹೀರಾತು ತಡೆಯುವಂತಹ ಯಾವುದೋ ಎಕ್ಸ್‌ಟೆನ್ಷನ್ನಿನಲ್ಲಿದೆ. ಅವನ್ನು ಒಂದೊಂದಾಗಿ ನಿಲ್ಲಿಸಿ ನೋಡುವೆನು. ಅಲ್ಲಿಯೂ ಬಾರದಿದ್ದರೆ ಬೇರೆ ಬ್ರೌಸರು, ಆಮೇಲೆ ಬೇರೆ ಇಂಟರ್ನೆಟ್ಟು. ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಾಯಿಸಬೇಕು. ಎರಡನ್ನು ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಆದರೆ ಬಿಳಿ ಹಾಳೆ ಯಾರನ್ನೂ ವಂಚಿಸುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಭಯವಿರುವುದು ನಿಂತುಹೋದ ನಕ್ಷೆಯಲ್ಲಿ. ಪುಟವು ಒಂದು ದಾರಿಯಲ್ಲಿ ಬಂದರೆ, ಕ್ಷಣಕ್ಷಣದ ದರವು ಸದಾ ತೆರೆದಿರುವ ಮತ್ತೊಂದು ಸಂಪರ್ಕದಲ್ಲಿ ಹರಿದು ಬರುತ್ತದೆ. ಆ ಎರಡನೆಯದು ಕಡಿದರೆ ಚಿತ್ರವೇನೋ ಹಾಗೆಯೇ ಇರುತ್ತದೆ, ಕಡ್ಡಿ ಮಾತ್ರ ಅಲುಗುವುದಿಲ್ಲ. ಬಳಸದ ಟ್ಯಾಬನ್ನು ಬ್ರೌಸರೇ ನಿದ್ರೆಗೆ ಹಾಕಿದಾಗಲೂ ಹೀಗಾಗುವುದುಂಟು. ನೋಡುವವನು ಪೇಟೆ ಶಾಂತವಾಗಿದೆಯೆಂದು ಭಾವಿಸುತ್ತಾನೆ. ಇನ್ನು ಕೆಲವು ಪುಕ್ಕಟೆ ನಕ್ಷೆಗಳಲ್ಲಿ ದರವು ಹದಿನೈದು ನಿಮಿಷ ತಡವಾಗಿಯೇ ಬರುತ್ತದೆ. ಸಣ್ಣ ಅಕ್ಷರದಲ್ಲಿ ಅದನ್ನು ಬರೆದೂ ಇರುತ್ತಾರೆ.

ನಕ್ಷೆ ಸರಿಯಾಗಿದ್ದು ನಾವು ತಪ್ಪುವುದೂ ಉಂಟು. ಹಾಸ್ಟೆಲಿನ ಮಿತ್ರನೊಬ್ಬನು ನಮ್ಮ ಪೇಟೆ ಬೆಳಗಿನ ಜಾವ 3:45ಕ್ಕೆ ತೆರೆಯುತ್ತದೆಂದು ಸಾಧಿಸುತ್ತಿದ್ದನು. ಅವನ ನಕ್ಷೆಯ ಗಡಿಯಾರ ಜಾಗತಿಕ ಸಮಯದಲ್ಲಿದ್ದಿತು. ಐದೂವರೆ ಗಂಟೆ ಕೂಡಿಸಿದರೆ ನಮ್ಮ 9:15. ಮತ್ತೊಬ್ಬನು, ಷೇರೊಂದು ರಾತ್ರಿ ಕಳೆದು ಬೆಳಗಾಗುವುದರಲ್ಲಿ ಅರ್ಧಕ್ಕೆ ಕುಸಿದುದನ್ನು ಕಂಡು ಗಾಬರಿಯಾಗಿ ಓಡಿಬಂದನು. ಕಂಪನಿಯು ಒಂದಕ್ಕೊಂದು ಬೋನಸ್ ಷೇರು ಕೊಟ್ಟಿದ್ದಿತು. ಷೇರು ಎರಡಾದಾಗ ದರ ಅರ್ಧವಾಗುವುದು ಸಹಜ. ಆ ನಕ್ಷೆಯಲ್ಲಿ ಹಳೆಯ ದರಗಳನ್ನು ಇದಕ್ಕೆ ಹೊಂದಿಸಿರಲಿಲ್ಲ, ಅಷ್ಟೆ.

ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದಾಗ ಅವರು ನಕ್ಕರು. ನಮ್ಮ ಊರಿಗೂ ಒಂದು ಷೇರು ವಿನಿಮಯ ಕೇಂದ್ರವಿದ್ದಿತು. 1963ರಲ್ಲಿ ಹುಟ್ಟಿದ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ಜೆ.ಸಿ. ರಸ್ತೆಯ ಬಳಿಯಲ್ಲಿದ್ದು, 2014ರಲ್ಲಿ ಮುಚ್ಚಿತು. "ಆಗ ನಾವು ದಲ್ಲಾಳಿಗೆ ಫೋನು ಮಾಡಿ ದರ ಕೇಳುತ್ತಿದ್ದೆವಪ್ಪಾ. ಅವನು ಹೇಳಿದ ಕೂಡಲೆ, ಇದು ಎಷ್ಟು ಗಂಟೆಯ ದರ ಅಂತ ಕೇಳುತ್ತಿದ್ದೆವು. ಈಗ ಕಣ್ಣೆದುರಿಗೇ ಇದೆಯಲ್ಲ ಅಂತ ಕೇಳುವುದನ್ನೇ ಬಿಟ್ಟೆವು" ಎಂದರು. ಈ ವಿಷಯದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇದೇ ಉತ್ತಮವಾದುದು.

ನನ್ನ ಅಭಿಪ್ರಾಯವೂ ಇದರಿಂದಲೇ ಹೊರಟಿದೆ. ಬ್ರೌಸರು ಕೆಟ್ಟಾಗ ನಾವು ಸಂದೇಹಪಡುತ್ತೇವೆ, ಪರೀಕ್ಷಿಸುತ್ತೇವೆ; ಅದು ಸರಿಯಾದ ಕ್ಷಣದಿಂದ ನಂಬತೊಡಗುತ್ತೇವೆ. ಸರಿಯಾದ ನಕ್ಷೆಯಾದರೂ ಹೇಳುವುದೇನು? ಇಷ್ಟು ಹೊತ್ತಿಗೆ ಇಷ್ಟು ದರಕ್ಕೆ ಯಾರೋ ಕೊಂಡರು, ಯಾರೋ ಮಾರಿದರು ಎಂದು. ಕಡಲೆಕಾಯಿ ಪರಿಷೆಯಲ್ಲಿ ಸೋಮವಾರ ಸೇರು ಎಷ್ಟಕ್ಕೆ ಹೋಯಿತೆಂಬುದನ್ನು ಬರೆದಿಟ್ಟುಕೊಂಡವನಿಗೆ ಮಂಗಳವಾರದ ದರ ತಿಳಿದಂತಾಗುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಬರೆಯುತ್ತಿಲ್ಲ. ಕಳೆದ ವರ್ಷ ವಿದ್ಯಾರ್ಥಿವೇತನದಲ್ಲಿ ಶುಲ್ಕಕ್ಕೆಂದು ತೆಗೆದಿಟ್ಟಿದ್ದ ಆರು ಸಾವಿರ ರೂಪಾಯಿಗಳನ್ನು ಒಂದು ಆಪ್ಷನ್ನಿನಲ್ಲಿ ಹಾಕಿದೆನು. ನಕ್ಷೆ ಏರುವಂತಿದ್ದಿತು. ಅರ್ಧ ಗಂಟೆಯಲ್ಲಿ ದರ ಇಳಿಯಲಾರಂಭಿಸಿದಾಗ ನಾನು ಮಾಡಿದ್ದೇನು ಗೊತ್ತೆ? ಪುಟವನ್ನು ಮತ್ತೆ ಮತ್ತೆ ತೆರೆದೆನು. ಖಾಸಗಿ ಕಿಟಕಿಯಲ್ಲಿ ನೋಡಿದೆನು. ಎಕ್ಸ್‌ಟೆನ್ಷನ್ನುಗಳನ್ನು ನಿಲ್ಲಿಸಿದೆನು. ಬೇರೆ ಬ್ರೌಸರು, ಬೇರೆ ಇಂಟರ್ನೆಟ್ಟು, ಕೊನೆಗೆ ಮಾಲೀಕರ ಮೊಬೈಲು. ಎಲ್ಲ ಕಡೆಯೂ ಅದೇ ಕೆಂಪು ಕಡ್ಡಿ. ಅಂಗಡಿಯಲ್ಲಿ ಕಲಿತ ಕ್ರಮವನ್ನು ಅಷ್ಟು ಶುದ್ಧವಾಗಿ ನಾನು ಇನ್ನೆಂದೂ ಪಾಲಿಸಿಲ್ಲ. ಮೂರೂವರೆಗೆ ಪೇಟೆ ಮುಚ್ಚಿದಾಗ ನಾನೂರು ಚಿಲ್ಲರೆ ಉಳಿದಿದ್ದಿತು.

ನಾನೊಬ್ಬನೇ ಅಲ್ಲವೆಂದು ಆಮೇಲೆ ತಿಳಿಯಿತು. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರ ಮಾಡಿದ ಸಾಮಾನ್ಯ ಜನರಲ್ಲಿ ಶೇಕಡ 93ರಷ್ಟು ಮಂದಿ ಕಳೆದುಕೊಂಡವರೇ. ಈ ವ್ಯಾಪಾರಿಗಳಲ್ಲಿ 30 ವರ್ಷದೊಳಗಿನವರ ಪಾಲು 2022-23ರಲ್ಲಿ ಶೇಕಡ 31 ಇದ್ದುದು, ಮರುವರ್ಷವೇ 43ಕ್ಕೆ ಏರಿತು. ಇವರೆಲ್ಲರ ಬ್ರೌಸರೂ ಕೆಟ್ಟಿರಲಾರದು.

ನಕ್ಷೆಗಳನ್ನೇ ನೋಡಬೇಡಿರೆಂದು ನಾನು ಹೇಳುತ್ತಿಲ್ಲ. ನಮ್ಮ ಕಂಪ್ಯೂಟರ್ ಪ್ರಯೋಗಶಾಲೆಯಲ್ಲಿ ಅಧ್ಯಾಪಕರು ಎರಡು ಗಂಟೆ ಇದಕ್ಕೆ ಮೀಸಲಿಟ್ಟರೆ, ಹಣ ಹಾಕದೆ, ಹಳೆಯ ನಕ್ಷೆಯ ಅರ್ಧವನ್ನು ಮುಚ್ಚಿ, ಮುಂದೇನಾಯಿತೆಂದು ಪ್ರತಿಯೊಬ್ಬರಿಂದಲೂ ಬರೆಸಿ ನೋಡಬಹುದು. ಎಷ್ಟು ಮಂದಿಯದು ಸರಿಯಾಯಿತೆಂದು ಹಲಗೆಯ ಮೇಲೆ ಬರೆಯಲಿ. ನನ್ನದನ್ನೂ ಬರೆಯಲಿ.

ಶುಲ್ಕವನ್ನು ಅಂಗಡಿಯ ಮಾಲೀಕರಿಂದ ಮುಂಗಡ ಪಡೆದು ಕಟ್ಟಿದೆನು. ಅದು ಮೊನ್ನೆಯಷ್ಟೇ ತೀರಿತು. ಅಪ್ಪನಿಗೆ ಇನ್ನೂ ಹೇಳಿಲ್ಲ. ಅವರಿಗೆ ಓದು ಬಾರದು. ಈ ಸಂಚಿಕೆ ಊರಿಗೆ ಹೋದಾಗ ತಂಗಿ ಓದಿ ಹೇಳುತ್ತಾಳೆ.