ಇಂಗ್ಲಿಷ್ ಬಂದರೆ ಮುಗಿಯಿತೇ?

ಗಂಡಿನ ಹೆಸರು ಚೌಕ. ಹೆಣ್ಣಿನ ಹೆಸರು ಚೌಕ. ಮುಹೂರ್ತವೂ ಚೌಕ! ಕೆಳಗಿನ ಫೋನ್ ನಂಬರ್ ಮಾತ್ರ ಚೆನ್ನಾಗಿ ಓದಲು ಬರುತ್ತಿತ್ತು. ಮಡಿಕೇರಿಯ ನನ್ನ ಪ್ರೆಸ್ಸಿಗೆ ಮದುವೆ ಸೀಸನ್ನಿನಲ್ಲಿ ಬಂದ ಕರೆಯೋಲೆ ಇದು.

ಈಗ ಗಿರಾಕಿಗಳು ಮನೆಯಲ್ಲೇ ಕೂತು ಟೈಪ್ ಮಾಡುತ್ತಾರೆ. ಎಲ್ಲೋ ಇರುವ ಸರ್ವರ್ ಅದನ್ನು ಪಿಡಿಎಫ್ ಮಾಡಿ ನಮಗೆ ಕಳಿಸುತ್ತದೆ. ಅದನ್ನು ನೋಡಿಕೊಳ್ಳುವವರು ಜಾವಾ 8 ತೆಗೆದು ಜಾವಾ 17 ಹಾಕಿದರು, ಜೊತೆಗೆ ಯಂತ್ರವನ್ನೂ ಹೊಸದಾಗಿ ಕಟ್ಟಿದರು. ಮೊದಲ ದಿನ ಇಂಗ್ಲಿಷೂ ಬರಲಿಲ್ಲ. ಅರ್ಧ ಗಂಟೆಯಲ್ಲಿ ಸರಿಮಾಡಿದರು! ಕನ್ನಡ ಚೌಕವಾಗಿಯೇ ಉಳಿಯಿತು. ಫೋನ್ ಮಾಡಿದರೆ, "ಇಂಗ್ಲಿಷ್ ಬರ್ತಿದೆಯಲ್ಲ ಸಾರ್, ಕಂಪ್ಲೇಂಟ್ ಕ್ಲೋಸ್ ಮಾಡಿದೀವಿ" ಎಂದರು.

ಇದೇನು ಮಾಯ ಅಲ್ಲ. ಮೊದಲು ಒರಾಕಲ್ ಕೊಡುತ್ತಿದ್ದ ಜಾವಾದೊಳಗೇ ಲೂಸಿಡಾ ಎಂಬ ಫಾಂಟ್ ಇರುತ್ತಿತ್ತು. 2018ರ ಜಾವಾ 11ರಿಂದ ಅದನ್ನು ತೆಗೆದರು. ಫಾಂಟ್ ಬೇಕಾದರೆ ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳಬೇಕು. ಪರದೆಯೇ ಇಲ್ಲದ ಸರ್ವರ್‌ಗೆ ಫಾಂಟ್ ಯಾಕೆಂದು ಎಷ್ಟೋ ಕಡೆ ಹಾಕಿರುವುದೇ ಇಲ್ಲ. ಲೂಸಿಡಾದಲ್ಲಿ ಕನ್ನಡ ಎಂದೂ ಇರಲಿಲ್ಲ ಬಿಡಿ. ಹಳೆಯ ಯಂತ್ರಕ್ಕೆ ಯಾರೋ ಪುಣ್ಯಾತ್ಮ ಕನ್ನಡ ಫಾಂಟ್ ಹಾಕಿದ್ದ, ಎಲ್ಲೂ ಬರೆದಿಟ್ಟಿರಲಿಲ್ಲ. ಯಂತ್ರ ಹೋಯಿತು, ಅಕ್ಷರವೂ ಹೋಯಿತು. ನಮ್ಮಪ್ಪ ಪ್ರೆಸ್ಸಿನ ಜಾಗ ಬದಲಿಸಿದಾಗ ಮೊದಲು ಗಾಡಿ ಹತ್ತಿದ್ದು ಅಚ್ಚುಮೊಳೆಗಳು, ಆಮೇಲೆ ಮೆಷಿನ್ನು!

ಮದ್ದು ದೊಡ್ಡದಲ್ಲ. ಲಿನಕ್ಸ್‌ನಲ್ಲಿ 'ಎಫ್‌ಸಿ-ಲಿಸ್ಟ್' ಆಜ್ಞೆಗೆ ಕನ್ನಡದ ಗುರುತಾದ 'ಕೆಎನ್' ಸೇರಿಸಿ ಕೇಳಿದರೆ ಕನ್ನಡ ಬಲ್ಲ ಫಾಂಟ್‌ಗಳ ಪಟ್ಟಿ ಬರುತ್ತದೆ. ಪಟ್ಟಿ ಖಾಲಿಯೇ? ಲೋಹಿತ್, ನವಿಲು, ಗುಬ್ಬಿ, ನೋಟೋ, ಎಲ್ಲವೂ ಬಿಟ್ಟಿ ಸಿಗುತ್ತವೆ. ಒಂದನ್ನು ಹಾಕಿ ತಂತ್ರಾಂಶವನ್ನು ಮತ್ತೆ ಚಾಲೂ ಮಾಡಿ. ಫಾಂಟನ್ನು ತಂತ್ರಾಂಶದ ಗಂಟಿನಲ್ಲೇ ಕಟ್ಟಿಬಿಟ್ಟರೆ ಇನ್ನೂ ವಾಸಿ. (ಚೌಕ ಬಾರದೆ ಒತ್ತಕ್ಷರ ಮಾತ್ರ ಸಿಡಿದು ಪಕ್ಕಕ್ಕೆ ಬಿದ್ದರೆ ಅದು ಬೇರೆ ಕಾಯಿಲೆ. ಫಾಂಟ್ ಇದೆ, ಅಕ್ಷರ ಜೋಡಿಸುವ ತಂತ್ರಾಂಶಕ್ಕೆ ಕನ್ನಡ ಬರುವುದಿಲ್ಲ ಎಂದರ್ಥ.)

ಕೊಡಗಿನಲ್ಲಿ ಕೊಡವ ತಕ್ಕನ್ನೂ ಅರೆಭಾಷೆಯನ್ನೂ ನಾವು ಅಚ್ಚು ಹಾಕುವುದು ಕನ್ನಡ ಲಿಪಿಯಲ್ಲೇ. ಒಂದು ಫಾಂಟ್ ಹೋದರೆ ಮೂರು ಭಾಷೆಗಳ ಬಾಯಿ ಕಟ್ಟಿತು!

ಗೆಳೆಯರೇ, ಅಂಗಡಿಯ ಬೋರ್ಡಿನಲ್ಲಿ ಕನ್ನಡ ಕೇಳುತ್ತೇವೆ, ಬಸ್ಸಿನ ಮೇಲೆ ಕೇಳುತ್ತೇವೆ. ಸರ್ವರ್ ಒಳಗಿನ ಕನ್ನಡವನ್ನು ಕೇಳುವವರು ಯಾರು? ಬೆಂಗಳೂರಿನ ಆ ಕಂಪನಿಗಳಲ್ಲಿ ಕೀಲಿಮಣೆಯ ಮುಂದೆ ಕೂತಿರುವವರಲ್ಲಿ ನೀವೂ ಇದ್ದೀರಿ. ಜಾವಾ ಬದಲಿಸುವ ದಿನ 'ಶ್ರೀ', 'ಕೃಷ್ಣ', 'ಸ್ವಾತಂತ್ರ್ಯ' ಎಂದು ಬರೆದ ಒಂದೇ ಒಂದು ಹಾಳೆ ಇಳಿಸಿ ನೋಡಿ. ಚೌಕ ಬಂದರೆ ಕಂಪ್ಲೇಂಟ್ ಕ್ಲೋಸ್ ಮಾಡಬೇಡಿ.